ಶಿವಗಂಗೆಯ ಶಾಂತಲೆ: ಶಾಸನವೂ ಕಾದಂಬರಿಯೂ

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿ ಕನ್ನಡ ಓದುಗರಿಗೆ ಪರಿಚಿತವಾಗಿರುವುದು ಲೇಖಕ ರಾಮರಾಯರ ಹೆಸರಿನೊಡನೆ. ಗ್ರಂಥಕರ್ತನಿಂದ ಊರಿಗೆ ಹೆಸರು ಬರುವುದು ಸಂತೋಷದ ಸಂಗತಿ. ಆದರೆ ಅದೇ ಜಿಲ್ಲೆಯ ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಕಥೆಯೊಂದು ಕ್ಷೇತ್ರದ ಚರಿತ್ರೆಯನ್ನೇ ಮರೆಮಾಡಿದೆ. ಬೆಟ್ಟವೇರಿದವರಿಗೆ ಕಡಿದಾದ ಅಂಚೊಂದನ್ನು ತೋರಿಸಿ, ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆ ಧುಮುಕಿ ಪ್ರಾಣಬಿಟ್ಟ ಸ್ಥಳ ಇದೇ ಎನ್ನುತ್ತಾರೆ. ‘ಶಾಂತಲಾ ಡ್ರಾಪ್’ ಎಂಬ ಹೆಸರೂ ಅದಕ್ಕೆ ಅಂಟಿಕೊಂಡಿದೆ. ಕೇಳಿದವರ ಕಣ್ಣು ತೇವವಾಗುತ್ತದೆ. ಪ್ರಮಾಣವೇನೆಂದು ಕೇಳುವವರು ವಿರಳ.

ಪ್ರಮಾಣವಿರುವುದು ಶ್ರವಣಬೆಳಗೊಳದಲ್ಲಿ, ಶಾಂತಲೆಯೇ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಶಾಸನದಲ್ಲಿ. ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ ಸೋಮವಾರ, ಎಂದರೆ ಕ್ರಿ. ಶ. 1131ರಲ್ಲಿ, ಆಕೆ ಶಿವಗಂಗೆಯ ತೀರ್ಥದಲ್ಲಿ ಮುಡಿಪಿದಳೆಂದು ಅಲ್ಲಿ ಉಕ್ತವಾಗಿದೆ. ‘ಮುಡಿಪು’ ಎಂದರೆ ದೇಹವನ್ನು ಮುಗಿಸುವುದು. ಧುಮುಕಿದ ಮಾತು ಅಲ್ಲಿಲ್ಲ. ಸಂತಾನವಿಲ್ಲದ ಕೊರಗಿನ ಮಾತೂ ಇಲ್ಲ. ಮಗಳನ್ನು ಅಗಲಿದ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಸನ್ಯಸನ ಕೈಕೊಂಡು, ಒಂದು ತಿಂಗಳು ಉಪವಾಸವಿದ್ದು ಅಳಿದುದನ್ನು ವಿವರಿಸುವ ಶಾಸನ ಮಗಳ ವಿಷಯದಲ್ಲಿ ಮಾತ್ರ ಮಿತಭಾಷಿ.

ಈ ಮೌನವೇ ಕಾದಂಬರಿಕಾರರಿಗೆ ದೊರೆತ ಅವಕಾಶ. ಕೆ. ವಿ. ಅಯ್ಯರ ‘ಶಾಂತಲಾ’ ಆಕೆಯನ್ನು ತ್ಯಾಗಮಯಿ ದುರಂತನಾಯಿಕೆಯಾಗಿ ಕನ್ನಡಿಗರ ಮನಸ್ಸಿನಲ್ಲಿ ನಿಲ್ಲಿಸಿತು. 1978ರಲ್ಲಿ ಸಿ. ಕೆ. ನಾಗರಾಜರಾಯರು ‘ಪಟ್ಟಮಹಾದೇವಿ ಶಾಂತಲದೇವಿ’ಯಲ್ಲಿ ಶಾಸನಗಳನ್ನು ಆಧಾರವಾಗಿ ಹಿಡಿದು ಬೇರೊಂದು ಚಿತ್ರವನ್ನು ಕೊಟ್ಟರು, ಆ ಬೃಹತ್ಕೃತಿಗೆ ಮೂರ್ತಿದೇವಿ ಪ್ರಶಸ್ತಿಯೂ ಸಂದಿತು. ಆದರೂ ಬೆಟ್ಟದ ಮೇಲೆ ಗೆದ್ದುದು ಕಣ್ಣೀರೇ. ಇದರಲ್ಲಿ ಅಯ್ಯರ ದೋಷವೇನೂ ಇಲ್ಲ. ಅವರು ಬರೆದುದು ಕಾದಂಬರಿ. ಕಲ್ಪನೆ ಅವರ ಹಕ್ಕು. ಕಾವ್ಯಸತ್ಯವನ್ನು ಬಂಡೆಗೆ ಅಂಟಿಸಿ ಸ್ಥಳಪುರಾಣವಾಗಿಸಿದ್ದು ನೋಡುವವರ, ತೋರಿಸುವವರ ಕೆಲಸ.

ಬಸದಿಯ ಹೆಸರನ್ನೇ ಗಮನಿಸಬೇಕು. ಅದು ರಾಣಿಯ ಬಿರುದು. ಸೊಕ್ಕಿದ ಸವತಿಯರಿಗೆ ತಾನು ಮದ್ದಾನೆಯೆಂಬುದು ಅದರ ಅರ್ಥ. ಇಂಥ ಬಿರುದನ್ನು ಧರಿಸಿ, ಜಿನಾಲಯಕ್ಕೂ ಅದನ್ನೇ ಇಟ್ಟವಳನ್ನು ಸವತಿಗೆ ದಾರಿಬಿಟ್ಟು ಅಳಿದ ಅಬಲೆಯೆನ್ನುವುದು ಎಷ್ಟು ಸಲ್ಲುತ್ತದೆ?

ಶಿವಭಕ್ತರಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನೆ. ಬೆಳಗೊಳದಲ್ಲಿ ಬಸದಿ ಕಟ್ಟಿಸಿದ ಜಿನಭಕ್ತೆಯ ಅಂತ್ಯ ಗಂಗಾಧರೇಶ್ವರನ ಈ ತೀರ್ಥದಲ್ಲಿ ಆಯಿತೇಕೆ? ತಂದೆಯ ದೈವದ ನೆನಪೇ, ಆ ಕಾಲದ ಮತಸೌಹಾರ್ದವೇ? ಬಂಡೆಯ ಅಂಚನ್ನು ಇಣುಕಿ ನೋಡಿ, ನಿಟ್ಟುಸಿರಿಟ್ಟು ಇಳಿಯುವವರಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ.