ಪರದೆಯ ಬೆಳಕಿಗೆ ರೂಟ್ ಅಪ್ಪಣೆ

ಲಿನಕ್ಸ್‌ನಲ್ಲಿ ಲ್ಯಾಪ್‌ಟಾಪ್ ಪರದೆಯ ಬೆಳಕೆಂದರೆ ಒಂದು ಕಡತದೊಳಗಿನ ಅಂಕಿ. ಸಿಸ್‌ಎಫ್‌ಎಸ್‌ನ ಬ್ಯಾಕ್‌ಲೈಟ್ ಫೋಲ್ಡರಿನಲ್ಲಿರುವ 'ಬ್ರೈಟ್‌ನೆಸ್' ಕಡತವನ್ನು ಯಾರು ಬೇಕಾದರೂ ಓದಬಹುದು, ಬರೆಯುವ ಹಕ್ಕು ಮಾತ್ರ ರೂಟ್‌ನದು. ಎಕ್ಸ್‌ರ್‍ಯಾಂಡರ್‌ನ ಬ್ರೈಟ್‌ನೆಸ್ ಆಯ್ಕೆ ಈ ಕಡತವನ್ನು ಮುಟ್ಟುವುದೇ ಇಲ್ಲ; ಅದು ಬಣ್ಣಗಳನ್ನಷ್ಟೇ ಕಪ್ಪಾಗಿಸುತ್ತದೆ, ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ.

ಹೊಸಬರು ಎಡವುವುದು 'ಸುಡೊ ಎಕೋ 500' ಎಂದು ಬರೆದು, ಬಾಣದ ಗುರುತು ಹಾಕಿ ಕಡತಕ್ಕೆ ಕಳಿಸುವಾಗ. ರೂಟ್ ಅಧಿಕಾರ ಎಕೋಗೆ ಸಿಗುತ್ತದೆ, ಕಡತ ತೆರೆಯುವುದು ಬಳಕೆದಾರರ ಶೆಲ್. ಹಾಗಾಗಿ 'ಪರ್ಮಿಶನ್ ಡಿನೈಡ್'. ಅಂಕಿಯನ್ನು 'ಸುಡೊ ಟೀ'ಗೆ ಪೈಪ್ ಮಾಡಿದರೆ ಕೆಲಸವಾಗುತ್ತದೆ, ಆದರೆ ಪಾಸ್‌ವರ್ಡ್ ಕೇಳುತ್ತದೆ. ಆ ಕಿರಿಕಿರಿ ತಪ್ಪಿಸಲು ಸುಡೊಯರ್ಸ್‌ನಲ್ಲಿ ಪಾಸ್‌ವರ್ಡಿಲ್ಲದ ನಿಯಮ ಬರೆದು, ಸಾಧನದ ಹೆಸರಿನ ಜಾಗದಲ್ಲಿ ನಕ್ಷತ್ರ ಹಾಕುವುದುಂಟು. ಇದು ಎಲ್ಲಕ್ಕಿಂತ ಕೆಟ್ಟ ದಾರಿ. ಆರ್ಗ್ಯುಮೆಂಟ್‌ಗಳಲ್ಲಿ ಆ ನಕ್ಷತ್ರ ಓರೆಗೆರೆಗೂ ಖಾಲಿ ಜಾಗಕ್ಕೂ ಹೊಂದುತ್ತದೆ. ಟೀ ಒಂದೇ ಸಲಕ್ಕೆ ಹಲವು ಕಡತಗಳಿಗೆ ಬರೆಯಬಲ್ಲದು. ನಡುವೆ ಇನ್ನೊಂದು ಕಡತದ ಹೆಸರು ತುರುಕಿದರೆ, ಬೆಳಕು ತಗ್ಗಿಸಲೆಂದು ಕೊಟ್ಟ ಅಪ್ಪಣೆಯಲ್ಲೇ ಸುಡೊ ನಿಯಮಗಳನ್ನೂ ತಿದ್ದಬಹುದು. ನಕ್ಷತ್ರವಿಲ್ಲದೆ ಪೂರ್ಣ ವಿಳಾಸ ಬರೆದರೆ ಈ ಕಿಂಡಿ ಇರುವುದಿಲ್ಲ.

ಯುಡೆವ್ ನಿಯಮದಿಂದ ಕಡತವನ್ನು 'ವಿಡಿಯೊ' ಗುಂಪಿಗೆ ಒಪ್ಪಿಸುವುದು ಇದಕ್ಕಿಂತ ವಾಸಿ. ಆದರೆ ಸಾಮಾನ್ಯವಾಗಿ ವೆಬ್‌ಕ್ಯಾಮ್ ಇರುವುದೂ ಅದೇ ಗುಂಪಿನಲ್ಲಿ. ಬೆಳಕಿನ ನೆಪದಲ್ಲಿ ಗುಂಪು ಸೇರಿದವರು ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಬಂದರೂ ಕ್ಯಾಮೆರಾ ತೆರೆಯಬಲ್ಲರು.

2019ರ ಸಿಸ್ಟಮ್‌ಡಿ 243ರಲ್ಲಿ, ಬಳಕೆದಾರರ ಸೆಷನ್‌ಗಳನ್ನು ನೋಡಿಕೊಳ್ಳುವ ಲಾಗಿನ್‌ಡಿಗೆ ಬಂದ 'ಸೆಟ್‌ಬ್ರೈಟ್‌ನೆಸ್' ಮೆಥಡ್ ಪ್ರಶ್ನೆಯನ್ನೇ ಬದಲಿಸಿತು. ಕರೆದವರು ಯಾವ ಗುಂಪಿನವರು ಎಂದು ಅದು ನೋಡುವುದಿಲ್ಲ. ಸೆಷನ್ ಅವರದೇ ಆಗಿದ್ದು, ಯಂತ್ರದ ಮುಂದೆ ಸದ್ಯ ಸಕ್ರಿಯವಾಗಿದೆಯೇ ಎಂದು ನೋಡುತ್ತದೆ. ಬಸ್‌ಸಿಟಿಎಲ್ ಮೂಲಕ ಕರೆದರೆ ಸುಡೊ ಬೇಡ, ಗುಂಪೂ ಬೇಡ. ಕಮಾಂಡ್ ಮಾತ್ರ ಬಾಯಿಪಾಠವಾಗದಷ್ಟು ಉದ್ದ. ಶೇಕಡಾ ಲೆಕ್ಕವೂ ಅದಕ್ಕೆ ಬಾರದು. 'ಮ್ಯಾಕ್ಸ್_ಬ್ರೈಟ್‌ನೆಸ್' ಓದಿ ಬಳಕೆದಾರರೇ ಗುಣಿಸಿಕೊಳ್ಳಬೇಕು. ಲಾಗಿನ್‌ಡಿ ಬೆಂಬಲದೊಡನೆ ಕಟ್ಟಿದ ಬ್ರೈಟ್‌ನೆಸ್‌ಸಿಟಿಎಲ್ ಈ ಎರಡೂ ಕಷ್ಟ ನೀಗಿಸುತ್ತದೆ.

ಸೊನ್ನೆಯ ಅಪಾಯ ಹಾಗೇ ಉಳಿದಿದೆ: ಕೆಲವು ಯಂತ್ರಗಳಲ್ಲಿ 0 ಬರೆದರೆ ಪರದೆ ಪೂರ್ತಿ ಕತ್ತಲು. ಬೂಟ್ ವೇಳೆ ಹಳೆಯ ಬೆಳಕನ್ನು ಮರಳಿಸುವ ಸಿಸ್ಟಮ್‌ಡಿ-ಬ್ಯಾಕ್‌ಲೈಟ್ ಗರಿಷ್ಠದ ಶೇಕಡಾ 5ಕ್ಕಿಂತ ಕೆಳಗಿಳಿಯದಂತೆ ತಡೆಯುತ್ತದೆ. ಕೀಲಿಗೆ ಕಟ್ಟಿದ ಸ್ವಂತ ಸ್ಕ್ರಿಪ್ಟಿಗೆ ಆ ಕಾವಲಿಲ್ಲ. ಕೆಳಮಿತಿಯನ್ನು ಬರೆದವರೇ ಹಾಕಬೇಕು.