ಅಂತರಜಾಲದ ಗ್ರಂಥಶೋಧನ ಕೂಟಗಳು: ಕಾರ್ಯವಿಭಾಗದ ವಿಚಾರ

ವಿದ್ವತ್ಕಾರ್ಯವನ್ನು ಏಕಾಂತದ ತಪಸ್ಸೆಂದು ಭಾವಿಸುವುದು ನಮ್ಮಲ್ಲಿ ರೂಢಿ. ಆದರೆ ಕೆಲವು ಮಹತ್ಕಾರ್ಯಗಳು ಬಹುಜನರ ಶ್ರಮದಿಂದಲೇ ಸಿದ್ಧಿಸಿವೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರಾದ ಜೇಮ್ಸ್ ಮರ್ರೆಯವರು 1879ರಲ್ಲಿ ಓದುಗರ ನೆರವನ್ನು ಬೇಡಿದಾಗ, ಪದಪ್ರಯೋಗಗಳನ್ನು ಬರೆದ ಚೀಟಿಗಳು ನಾನಾ ಕಡೆಗಳಿಂದ ಬಂದುವು. 1928ರಲ್ಲಿ ನಿಘಂಟು ಪೂರ್ಣಗೊಂಡಿತು. ಒಬ್ಬರನ್ನೊಬ್ಬರು ಕಂಡರಿಯದ ಆ ಓದುಗರನ್ನು ಒಂದುಗೂಡಿಸಿದುದು ನಡೆಯುತ್ತಿದ್ದ ಕೆಲಸವೇ.

ಈ ಕ್ರಮವು ಇಂದು ಅಂತರಜಾಲದಲ್ಲಿ ಹೊಸ ರೂಪವನ್ನು ತಾಳಿದೆ. 2000ದಲ್ಲಿ ಚಾರ್ಲ್ಸ್ ಫ್ರಾಂಕ್ಸ್ ಎಂಬುವರು ಸ್ಥಾಪಿಸಿದ ‘ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್’ ಕೂಟವನ್ನು ನೋಡಬಹುದು. ಹಳೆಯ ಪುಸ್ತಕದ ಪುಟಗಳ ಚಿತ್ರವನ್ನೂ ಯಂತ್ರವು ಓದಿಕೊಟ್ಟ ಪಾಠವನ್ನೂ ಅಕ್ಕಪಕ್ಕದಲ್ಲಿಟ್ಟು, ಒಂದೊಂದು ಪುಟವನ್ನು ಒಬ್ಬೊಬ್ಬರು ತಿದ್ದುತ್ತಾರೆ. ಹೀಗೆ ತಿದ್ದಿದುದನ್ನು ಮುಂದಿನ ಸುತ್ತುಗಳಲ್ಲಿ ಬೇರೆಯವರು ಪರಿಶೀಲಿಸುತ್ತಾರೆ. ಪ್ರತಿಯೊಂದು ಪುಸ್ತಕಕ್ಕೂ ಒಬ್ಬ ನಿರ್ವಾಹಕನುಂಟು. ಆ ಪುಸ್ತಕದ ಚರ್ಚೆಗೆ ಪ್ರತ್ಯೇಕ ಸ್ಥಳವುಂಟು. 2003ರಲ್ಲಿ ಆರಂಭವಾದ ವಿಕಿಸೋರ್ಸಿನಲ್ಲಿಯೂ ಪುಟದ ಸ್ಥಿತಿಯನ್ನು ಬಣ್ಣದಿಂದ ಸೂಚಿಸುವ ಪದ್ಧತಿಯಿದೆ: ತಿದ್ದದ ಪುಟ ಕೆಂಪು, ಒಮ್ಮೆ ತಿದ್ದಿದುದು ಹಳದಿ, ಮತ್ತೊಬ್ಬರು ಒಪ್ಪಿದುದು ಹಸಿರು. ತಾನು ತಿದ್ದಿದ ಪುಟವನ್ನು ತಾನೇ ಒಪ್ಪುವಂತಿಲ್ಲ.

ಈ ವ್ಯವಸ್ಥೆಯ ಗುಣವು ಸ್ಪಷ್ಟವಾಗಿದೆ. ಅಪೂರ್ಣವಾದ ಕೆಲಸವು ಎಲ್ಲರ ಕಣ್ಣೆದುರಿಗಿರುವುದರಿಂದ, ಹೊಸಬನು ಬಂದೊಡನೆ ತನಗೆ ಮಾಡಲು ಏನಿದೆಯೆಂಬುದನ್ನು ಕಾಣುತ್ತಾನೆ. ಮಾತು ಕೆಲಸದ ಬಳಿಯಲ್ಲಿಯೇ ನಡೆಯುವುದರಿಂದ ಅದು ಹರಟೆಗೆ ಇಳಿಯುವುದು ಕಡಮೆ. ವ್ಯಕ್ತಿಗಳ ಪ್ರತಿಷ್ಠೆಯ ಸುತ್ತ ಬೆಳೆಯುವ ಕೂಟಗಳು ಆ ವ್ಯಕ್ತಿಗಳೊಡನೆಯೇ ಕರಗುವುದುಂಟು. ಕೆಲಸದ ಸುತ್ತ ಬೆಳೆದ ಕೂಟಕ್ಕೆ ಮುಂದಿನ ಪುಟವೊಂದು ಸದಾ ಕಾದಿರುತ್ತದೆ.

ಆದರೆ ಈ ಕ್ರಮವನ್ನು ಕನ್ನಡಕ್ಕೆ ತರುವಾಗ ಒಂದು ತೊಡಕನ್ನು ಗಮನಿಸಬೇಕು. ಪುಟವು ಶ್ರಮದ ಘಟಕವಾಗಬಹುದು, ನಿರ್ಣಯದ ಘಟಕವಾಗಲಾರದು. ಹಳಗನ್ನಡ ಗ್ರಂಥವೊಂದನ್ನು ಹತ್ತು ಮಂದಿ ತಿದ್ದುತ್ತಿರುವರೆಂದು ಭಾವಿಸೋಣ. ಒಬ್ಬನು ಮುದ್ರಿತ ಪ್ರತಿಯಲ್ಲಿರುವ ೞಕಾರ ಱಕಾರಗಳನ್ನು ಉಳಿಸುತ್ತಾನೆ; ಇನ್ನೊಬ್ಬನು ಇಂದಿನ ರೂಢಿಯಂತೆ ಳಕಾರ ರಕಾರಗಳನ್ನು ಬರೆಯುತ್ತಾನೆ. ಆಗ ‘ಬಾೞ್’ ಎಂಬ ಬದುಕಿಗೂ ‘ಬಾಳ್’ ಎಂಬ ಕತ್ತಿಗೂ ಭೇದವಳಿಯುತ್ತದೆ. ಪ್ರಾಸದ ಸಾಕ್ಷ್ಯವೂ ಕೆಡುತ್ತದೆ. ಒಂದೊಂದು ಪುಟವೂ ಅಚ್ಚುಕಟ್ಟಾಗಿ ಕಂಡರೂ ಗ್ರಂಥವು ಒಂದಾಗಿ ಉಳಿಯುವುದಿಲ್ಲ. ಪದವಿಭಾಗದ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಇಂಥ ತಪ್ಪನ್ನು ಎರಡನೆಯ ಕಣ್ಣು ಹಿಡಿಯಲಾರದು. ಏಕೆಂದರೆ ಅದೂ ಅದೇ ಪುಟವನ್ನಷ್ಟೇ ನೋಡುತ್ತಿರುತ್ತದೆ.

ಆದುದರಿಂದ ಪ್ರತಿಯೊಂದು ಗ್ರಂಥಕ್ಕೂ ಇಡಿಯ ಕೃತಿಯನ್ನು ಬಲ್ಲ ಸಂಪಾದಕನೊಬ್ಬನಿರಬೇಕು. ಯಾವ ಮುದ್ರಣವನ್ನು ಆಧರಿಸಲಾಗಿದೆ, ಯಾವ ಅಕ್ಷರಗಳನ್ನು ಹೇಗೆ ಬರೆಯಬೇಕು ಎಂಬ ನಿಯಮಗಳನ್ನು ಅವನು ಕೆಲಸಕ್ಕೆ ಮೊದಲೇ ಬರೆದಿಡಬೇಕು. ಸಂಶಯ ಬಂದಲ್ಲಿ ಊಹಿಸಿ ತಿದ್ದುವ ಬದಲು, ಗುರುತು ಮಾಡಿ ಮುಂದಿನವರಿಗೆ ಬಿಡುವುದು ಲೇಸು. ಮೇಲೆ ಹೇಳಿದ ಮೊದಲನೆಯ ಕೂಟದಲ್ಲಿ ಈ ಪದ್ಧತಿ ಬಳಕೆಯಲ್ಲಿದೆ. ಮರ್ರೆಯವರ ಚೀಟಿಗಳು ನಿಘಂಟಾದುದೂ ಅವನ್ನು ತೂಗಿ ನೋಡುವ ಸಂಪಾದಕರಿದ್ದುದರಿಂದಲೇ ಅಲ್ಲವೆ?

ಇನ್ನೊಂದು ಮಾತು. ವಿದ್ಯಾರ್ಥಿಗಳನ್ನು ಇಂಥ ಕೆಲಸಕ್ಕೆ ತೊಡಗಿಸುವ ಅಧ್ಯಾಪಕರು ಮುಗಿಸಿದ ಪುಟಗಳ ಎಣಿಕೆಯನ್ನೇ ಅಳತೆಗೋಲಾಗಿ ಹಿಡಿದರೆ ವೇಗಕ್ಕೆ ಬೆಲೆ ಬರುತ್ತದೆಯೇ ಹೊರತು ವಿವೇಕಕ್ಕೆ ಬಾರದು. ಸರಿಯಾಗಿ ಎತ್ತಿದ ಒಂದು ಸಂಶಯವೂ ಗಣನೆಗೆ ಬರಬೇಕು. ಒಂದು ತರಗತಿಯು ವರ್ಷಕ್ಕೊಂದು ಚಿಕ್ಕ ಗ್ರಂಥವನ್ನು ಹೀಗೆ ಕೊನೆಮುಟ್ಟಿಸಿದರೆ, ಗ್ರಂಥಸಂಪಾದನ ಶಾಸ್ತ್ರವನ್ನು ಕೇಳಿ ಕಲಿಯುವುದಕ್ಕಿಂತ ಮಾಡಿ ಕಲಿತಂತಾಗುವುದೆಂದು ನಾವು ನಂಬುತ್ತೇವೆ.