ದೋಷಶೋಧನೆಯ ಲಾಗು: ದಾಖಲೆಯ ದೃಷ್ಟಿಯಿಂದ ಒಂದು ವಿಮರ್ಶೆ

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕವನ್ನು ಬರೆದಿಡುವ ವಾಡಿಕೆಯುಂಟು. ಬೆಳಿಗ್ಗೆ ಮಾಪಕದ ನೀರನ್ನು ಅಳೆದು ಇಂಚು, ಸೆಂಟುಗಳಲ್ಲಿ ನಮೂದಿಸುತ್ತಾರೆ. ಫಸಲು ಕುಗ್ಗಿದ ವರ್ಷ, ಹೂಮಳೆ ಯಾವ ದಿನ ಎಷ್ಟು ಬಿದ್ದಿತೆಂಬುದನ್ನು ಅಲ್ಲಿಯೇ ಹುಡುಕಬೇಕು. ಮಳೆಯಿಲ್ಲದ ದಿನವೂ ಸೊನ್ನೆಯನ್ನು ಬರೆದಿರಬೇಕು. ಬರಿಯ ಖಾಲಿ ಜಾಗವು ಮಳೆ ಬರಲಿಲ್ಲವೆನ್ನುವುದೋ ಬರೆಯುವವನು ಬರಲಿಲ್ಲವೆನ್ನುವುದೋ ತಿಳಿಯದು.

ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ದೋಷಶೋಧನೆಗಾಗಿ ಸೇರಿಸುವ ಲಾಗ್ ಫಂಕ್ಷನ್ ಇಂತಹ ಲೆಕ್ಕದ ಕೆಲಸವನ್ನೇ ಮಾಡುತ್ತದೆ. ಇದು ತಂತ್ರಜ್ಞರ ಒಳವಿಚಾರವೆಂದು ಚರಿತ್ರಾಭ್ಯಾಸಿಗಳು ಬಿಟ್ಟುಬಿಡುವುದು ಸರಿಯಲ್ಲವೆಂದು ನಮ್ಮ ಎಣಿಕೆ. ಸಾಕ್ಷ್ಯದ ಪ್ರಾಮಾಣ್ಯವೇ ಇಲ್ಲಿಯ ಪ್ರಶ್ನೆ. ಮಾಪಕವನ್ನು ತೆಗೆದರೆ ಮಳೆ ನಿಲ್ಲದು. ಅಂತೆಯೇ ಲಾಗಿನ ಸಾಲನ್ನು ತೆಗೆದರೆ ಪ್ರೋಗ್ರಾಮಿನ ಫಲ ಬದಲಾಗಕೂಡದು. ಆದರೆ ಎಣಿಕೆಯನ್ನು ಹೆಚ್ಚಿಸುವ, ಸರದಿಯಿಂದ ಒಂದನ್ನು ತೆಗೆಯುವ ಕ್ರಿಯೆಗಳನ್ನು ಆ ಸಾಲಿನೊಳಗೇ ಬರೆಯುವವರಿದ್ದಾರೆ. ಸಾಲನ್ನು ಅಳಿಸಿದೊಡನೆ ಪ್ರೋಗ್ರಾಮು ಬೇರೆ ದಾರಿ ಹಿಡಿಯುತ್ತದೆ.

ಈ ತಾಟಸ್ಥ್ಯಭಂಗಕ್ಕೆ ದೊಡ್ಡ ನಿದರ್ಶನ, ಜಾವಾ ಭಾಷೆಯಲ್ಲಿ ಬಹುವಾಗಿ ಬಳಕೆಯಲ್ಲಿರುವ ಲಾಗ್‌ಫೋರ್‌ಜೆ. ಸಂದೇಶದಲ್ಲಿ ಒಂದು ವಿಶಿಷ್ಟ ಸಂಕೇತವಿದ್ದರೆ ಅದು ಬರೆದು ಸುಮ್ಮನಾಗುತ್ತಿರಲಿಲ್ಲ. ಸಂಕೇತವನ್ನು ಆಜ್ಞೆಯೆಂದು ಓದಿ, ಅದು ತೋರಿದ ದೂರದ ಯಂತ್ರವನ್ನು ಸಂಪರ್ಕಿಸುತ್ತಿತ್ತು. ಅಪರಿಚಿತನೊಬ್ಬನು ತನ್ನ ಹೆಸರಿನ ಜಾಗದಲ್ಲಿ ಆ ಸಂಕೇತವನ್ನು ಬರೆದು, ಅದು ಲಾಗಿಗೆ ಬಂದರೆ ಸಾಕು, ಅವನ ಕೋಡು ಇಲ್ಲಿಯ ಯಂತ್ರದಲ್ಲಿ ನಡೆಯಬಹುದಾಗಿತ್ತು. ನಿರೂಪವನ್ನು ನಕಲು ಮಾಡಲು ಕುಳಿತ ಕರಣಿಕನು ಅದು ತನಗೇ ಬಂದ ಅಪ್ಪಣೆಯೆಂದು ಎದ್ದು ಹೊರಟಂತೆ! 2021ರ ಡಿಸೆಂಬರಿನಲ್ಲಿ ಇದು ಬಯಲಾಯಿತು. ಕೈತಪ್ಪಿನಿಂದ ಆದುದೆಂದು ಇದನ್ನು ಕ್ಷಮಿಸುವುದು ನಮಗೆ ಒಪ್ಪಿಗೆಯಲ್ಲ. ದೂರದ ಯಂತ್ರವನ್ನು ವಿಚಾರಿಸುವ ಏರ್ಪಾಡನ್ನು 2013ರಲ್ಲಿ ಅನುಕೂಲವೆಂದೇ ಸೇರಿಸಲಾಗಿತ್ತು. ಕಡೆಗೆ 2.16ನೆಯ ಆವೃತ್ತಿಯಲ್ಲಿ, ಸಂದೇಶದೊಳಗಿನ ಸಂಕೇತಗಳನ್ನು ಅರ್ಥೈಸುವ ಕ್ರಮವನ್ನೇ ಕೈಬಿಡಬೇಕಾಯಿತು.

ಕಂಡುದನ್ನೆಲ್ಲ ಬರೆಯುವುದೂ ದೋಷವೇ. ಬಳಕೆದಾರರ ಪಾಸ್‌ವರ್ಡುಗಳು ಮರೆಮಾಚುವ ಮೊದಲೇ ತನ್ನ ಆಂತರಿಕ ಲಾಗಿನಲ್ಲಿ ದಾಖಲಾಗಿದ್ದುವೆಂದು ಟ್ವಿಟರ್ ಸಂಸ್ಥೆ 2018ರ ಮೇ ತಿಂಗಳಲ್ಲಿ ಪ್ರಕಟಿಸಿ, ಅವುಗಳನ್ನು ಬದಲಿಸಲು ಸಲಹೆ ಕೊಟ್ಟಿತು.

ಡಿಸ್ಕು ತುಂಬಿ ಲಾಗನ್ನು ಬರೆಯಲಾಗದಿದ್ದರೆ ಪ್ರೋಗ್ರಾಮು ನಿಲ್ಲಬೇಕೆ? ದೋಷಶೋಧನೆಯ ಲಾಗಿಗಾಗಿ ನಿಲ್ಲಕೂಡದು. ಹಣದ ವ್ಯವಹಾರದ ದಾಖಲೆಯ ಮಾತು ಬೇರೆ. ಅಲ್ಲಿ ಬರೆಯದೆ ವ್ಯವಹಾರವು ಮುಂದುವರಿಯಕೂಡದು. ಇವೆರಡನ್ನೂ ಒಂದೇ ಫಂಕ್ಷನ್ನಿಗೆ ವಹಿಸುವುದು ಅವಿವೇಕವೆಂದೇ ನಮಗೆ ತೋರುತ್ತದೆ. ದೋಷಶೋಧನೆಯ ಲಾಗು ಮತ್ತೆ ಬರೆಯತೊಡಗಿದಾಗ, ನಡುವೆ ಎಷ್ಟು ಸಾಲುಗಳು ಬಿಟ್ಟುಹೋದುವೆಂಬುದನ್ನಾದರೂ ಮೊದಲು ನಮೂದಿಸಬೇಕು.